ದಾನಪ್ಪನವರ ಹೊಗೆ ಬೇಟೆ

“ಬರೂ ಐತವಾರದೊಳಗ ಈ ಗಾಡಿ ಬೆಕ್ಕಿನ ಮರಿ ಹಂಗ ಗುರ್ ಗುರ್ ಅನ್ನಬೇಕು. ಅನ್ನಲಿಲ್ಲ ಅಂದ್ರ ನನ್ನ ಹೆಸರು ದಾನಪ್ಪನ ಅಲ್ಲ” ಎಂದು ದಾನಪ್ಪನವರು ಹಿತ್ತಿಲಲ್ಲಿ ನಿಂತು ಶಪಥ ಮಾಡಿದರು.

ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿಹಿಟ್ಟಿನ ಕೈಯಲ್ಲೇ ನಿಂತಿದ್ದ ಹೆಂಡತಿ ಭುವನೇಶ್ವರಿ ಕೇಳಿದರು: “ಮತ್ತ ಏನಂತ ಕರೀಬೇಕು, ಈಗ ಹೇಳಿಬಿಡ್ರಿ. ಐತವಾರ ಏನ್ ದೂರಿಲ್ಲ.”

ಆ ಗಾಡಿ ಎಂದರೆ ಸ್ನೋಮೊಬೈಲ್. ಮುಂದೆ ಎರಡು ಜಾರುಪಟ್ಟಿ, ಹಿಂದೆ ಹಲ್ಲುಹಲ್ಲಿನ ಅಗಲ ರಬ್ಬರ್ ಪಟ್ಟೆ, ನಡುವೆ ಬೈಕಿನಂಥ ಸೀಟು. ಹಿಮದ ಮೇಲೆ ಓಡಲೆಂದೇ ಹುಟ್ಟಿದ ಪ್ರಾಣಿ. ಇಂಥದ್ದು ನಾರ್ವೆಯಲ್ಲೋ ಕೆನಡಾದಲ್ಲೋ ಇರಬೇಕು. ಲಂಡನ್ನಿನ ಅಂಚಿನ ಹೇಸ್‌ನಲ್ಲಿ ಹಿಮ ಬೀಳುವುದೇ ಅಪರೂಪ; ಬಿದ್ದರೂ ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಕೆಸರಾಗಿರುತ್ತದೆ. ಅಲ್ಲಿ, ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ, ಮಂಚ ಹಾಕಿದರೆ ಕಾಲು ಹೊರಗೆ ಚಾಚುವಷ್ಟು ಚಿಕ್ಕ ಹಿತ್ತಿಲಿನಲ್ಲಿ, ವಿಜಯಪುರದ ಬಿಸಿಲಲ್ಲಿ ಬೆಳೆದ ದಾನಪ್ಪನವರು ಹಿಮದ ಗಾಡಿಯ ಒಡೆಯರಾಗಿದ್ದರು.

ಅದು ಬಂದ ಬಗೆಯೇ ಒಂದು ಕತೆ. ವಿಮಾನ ನಿಲ್ದಾಣದ ಬಳಿಯ ಗೋದಾಮೊಂದರಲ್ಲಿ ದಾನಪ್ಪನವರು ಬಹಳ ವರ್ಷ ಸೂಪರ್‌ವೈಸರ್ ಆಗಿದ್ದರು. ಪೆಟ್ಟಿಗೆಗಳನ್ನು ಯಂತ್ರಗಳೇ ಎತ್ತಿಡಲು ಕಲಿತ ಮೇಲೆ ಗೋದಾಮಿನವರು ಒಂದು ಕೇಕು ಕತ್ತರಿಸಿ, ಬೆನ್ನು ತಟ್ಟಿ, ಇವರನ್ನು ಮನೆಗೆ ಕಳಿಸಿದರು. ಅಂದಿನಿಂದ ಅವರು ಸೋಫಾದ ಒಂದು ಮೂಲೆಯಲ್ಲಿ ಕುಳಿತವರು ಏಳಲಿಲ್ಲ. ಮಾತು ಕಡಿಮೆಯಾಯಿತು, ಗಡ್ಡ ಜಾಸ್ತಿಯಾಯಿತು. ಭುವನೇಶ್ವರಿ ವಾಕಿಂಗ್ ಎಂದರೆ ಇವರು ಮೊಣಕಾಲು ಎನ್ನುವರು, ಲೈಬ್ರರಿ ಎಂದರೆ ಕಣ್ಣು ಎನ್ನುವರು. ಯಾವ ಅಂಗವೂ ಉಳಿಯದಿದ್ದಾಗ “ಮನಸಿಲ್ಲ” ಎನ್ನುವರು.

ಹೀಗಿರುವಾಗ ಹತ್ತಿರದಲ್ಲಿ ಸಿನಿಮಾಗಳಿಗೆ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯೊಂದು ಮುಚ್ಚಿತು. ಬೇಕಾದವರು ಬೇಕಾದ್ದನ್ನು ಎತ್ತಿಕೊಂಡು ಹೋಗಿ ಎಂದು ಬೋರ್ಡು ಹಾಕಿದ್ದರು. ಹಾಲು ತರಲು ಹೋದ ದಾನಪ್ಪನವರು ಅಲ್ಲಿಂದಲೇ ಫೋನ್ ಮಾಡಿದರು. ಎಷ್ಟೋ ದಿನದ ಮೇಲೆ ಅವರ ದನಿಯಲ್ಲಿ ಜೀವವಿತ್ತು.

“ಭುವನಾ, ಇಲ್ಲೊಂದು ಸ್ನೋಮೊಬೈಲ್ ಪುಕ್ಕಟ ಕೊಡಾಕತ್ತಾರ. ತರ್ಲೇನು?”

ಕುಕ್ಕರ್ ಸೀಟಿಯ ನಡುವೆ ಭುವನೇಶ್ವರಿಗೆ ಕೇಳಿಸಿದ್ದು ಕೊನೆಯ ಅರ್ಧ ಮಾತ್ರ. “ತರ್ರಿ. ಮೊಬೈಲ್ ಜೋಡಿ ಚಾರ್ಜರ್ ಕೊಡ್ತಾರೇನ್ ಕೇಳ್ರಿ” ಎಂದರು.

ಸಂಜೆ ಮನೆ ಮುಂದೆ ಟ್ರಕ್ಕು ನಿಂತಾಗ ಆ ಮೊಬೈಲನ್ನು ನಾಲ್ಕು ಜನ ಹೊತ್ತುಕೊಂಡು ಬಂದರು. ಹಾಲು ಬರಲಿಲ್ಲ.

ಮರುದಿನವೇ ದಾನಪ್ಪನವರು ಗಡ್ಡ ಬೋಳಿಸಿದರು. ಗಾಡಿಯ ಹಿಂಭಾಗವನ್ನು, ಪಟ್ಟೆ ನೆಲಕ್ಕೆ ತಾಗದಂತೆ, ಒಂದು ಮರದ ಪೆಟ್ಟಿಗೆಯ ಮೇಲೆ ಎತ್ತಿ ಕೂರಿಸಿ, ಪೆಟ್ರೋಲು ಹಾಕಿ, ಹಗ್ಗ ಎಳೆದರು. ಎಳೆದರು, ಬೆವರಿದರು, ಮತ್ತೆ ಎಳೆದರು. ಕಡೆಗೊಮ್ಮೆ ಅದು ಸ್ಟಾರ್ಟ್ ಆದಾಗ ಮೇಲೆ ಹೋಗುತ್ತಿದ್ದ ವಿಮಾನದ ಸದ್ದು ಯಾರಿಗೂ ಕೇಳಲಿಲ್ಲ. ಬಾನೆಟ್ಟಿನ ಸಂದುಗೊಂದುಗಳಿಂದ ನೀಲಿ ಹೊಗೆ ಎದ್ದಿತು. ಹೊಗೆ ಸೈಲೆನ್ಸರ್ ಪೈಪಿನ ತುದಿಯಿಂದ ಬರಬೇಕು. ಅದೊಂದು ಜಾಗ ಬಿಟ್ಟು ಉಳಿದೆಲ್ಲ ಕಡೆಯಿಂದ ಬಂತು. ಅಡುಗೆಮನೆಯ ಬಾಗಿಲೊಳಗೆ ನುಗ್ಗಿತು. ಗೋಡೆಯ ಮೇಲಿನ ವಿಷಗಾಳಿಯ ಅಲಾರಂ ಕಿರುಚಿಕೊಂಡಿತು. ಭುವನೇಶ್ವರಿ ಹಿಟ್ಟಿನ ಪರಾತ ಎತ್ತಿಕೊಂಡು ಬೀದಿಗೆ ಓಡಿದರು. ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದ ಮಗಳು ಅಂಕಿತಾ ಲ್ಯಾಪ್‌ಟಾಪ್ ಸಮೇತ ಹಿಂದೆಯೇ ಓಡಿದಳು.

ದಾನಪ್ಪನವರ ಶಪಥ ಹುಟ್ಟಿದ್ದು ಇದಾದ ಮೇಲೆ. ಭುವನೇಶ್ವರಿಯೂ ತಮ್ಮ ಷರತ್ತು ಹಾಕಿದರು. “ಗಾಡಿ ಹಿತ್ತಲದ ಆ ತುದೀಗೆ ಹೋಗಬೇಕು. ಐತವಾರದೊಳಗ ಹೊಗಿ ನಿಲ್ಲಬೇಕು. ಇಲ್ಲಾಂದ್ರ ಸೋಮವಾರ ಕೌನ್ಸಿಲ್‌ನವ್ರಿಗೆ ಫೋನ್ ಹಚ್ಚತೇನಿ, ಹಳೇ ಹಾಸಿಗಿ ಜೋಡಿ ಇದನ್ನೂ ಒಯ್ತಾರ.”

ಹೀಗೆ ಹೇಳಿದರೇನೋ ನಿಜ. ಆದರೆ ಗಂಡ ಬೆಳಿಗ್ಗೆ ಕರೆಯದೆಯೇ ಎದ್ದು ಶೂ ಹಾಕಿಕೊಳ್ಳುವುದನ್ನು ಅವರು ಕಿಟಕಿಯಿಂದ ನೋಡುತ್ತಿದ್ದರು. ಸೋಮವಾರ ಬಾರದಿದ್ದರೆ ಒಳ್ಳೆಯದಿತ್ತು ಎಂದು ಅವರಿಗೂ ಅನಿಸುತ್ತಿತ್ತು.

ಹೊಗೆ ಎಲ್ಲಿಂದ ಸೋರುತ್ತಿದೆ ಎಂದು ಹುಡುಕುವುದು ಮೊದಲ ಕೆಲಸ. ದಾನಪ್ಪನವರು ಕಿವಿಯಿಟ್ಟು ಕೇಳಿದರು, ಕಿವಿ ಕಪ್ಪಾಯಿತು. ಮೂಸಿ ನೋಡಿದರು; ಮೂಗು ಕಪ್ಪಾಯಿತು. ಇಂಜಿನ್ನಿನಿಂದ ಹೊರಟ ಪೈಪು ಒಳಗೊಳಗೇ ಹಾವಿನಂತೆ ಹೊರಳಿ, ಒಂದು ಡಬ್ಬಿ ಹೊಕ್ಕು, ಅಡಿಯಿಂದ ಹೊರಬೀಳುತ್ತಿತ್ತು. ಎಲ್ಲೆಲ್ಲೂ ಎಣ್ಣೆಮಸಿ ಮೆತ್ತಿತ್ತು. ಯಾವುದು ಹೊಸ ಮಸಿ, ಯಾವುದು ಪುರಾತನ ಮಸಿ ಎಂಬುದು ತಿಳಿಯುವಂತಿರಲಿಲ್ಲ.

ಅಂಕಿತಾಳಿಗೆ ಅಪ್ಪನ ಮೇಲೆ ಕನಿಕರ ಬಂತು. ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. “ಲುಕ್ ಡ್ಯಾಡ್. ಇಂಜಿನ್ ಆಫ್ ಇರಬೇಕು, ತಣ್ಣಗಿರಬೇಕು. ವ್ಯಾಕ್ಯೂಮ್ ಕ್ಲೀನರ್ ಉಲ್ಟಾ ಕನೆಕ್ಟ್ ಮಾಡಿ ಪೈಪಿಗೆ ಗಾಳಿ ಊದೋದು. ಜಾಯಿಂಟ್ಸ್ ಮೇಲೆ ಸೋಪ್ ವಾಟರ್. ಬಬಲ್ಸ್ ಎಲ್ಲಿ ಬರ್ತಾವೋ, ದಟ್ಸ್ ಯುವರ್ ಲೀಕ್.”

“ಸೈಕಲ್ ಟ್ಯೂಬ್ ಪಂಕ್ಚರ್ ನೋಡಿದಂಗ” ಎಂದರು ದಾನಪ್ಪನವರು. ಗೊತ್ತಿದ್ದ ಕೆಲಸವೇ ಆದ್ದರಿಂದ ಧೈರ್ಯ ಇಮ್ಮಡಿಸಿತು.

ಮನೆಯಲ್ಲಿ ಡ್ರಮ್ಮಿನಂಥ ಹಳೆಯ ವ್ಯಾಕ್ಯೂಮ್ ಕ್ಲೀನರ್ ಇತ್ತು. ಹಿಂದಿನ ತೂತಿಗೆ ಕೊಳವೆ ಸಿಕ್ಕಿಸಿದರೆ ಊದುತ್ತಿತ್ತು. ಗಾಳಿ ಜೋರಾಗಿ ಬರಲೆಂದು ಒಳಗಿನ ಫಿಲ್ಟರನ್ನು ದಾನಪ್ಪನವರು ಕಿತ್ತು ಪಕ್ಕಕ್ಕಿಟ್ಟರು. ಕೊಳವೆಯನ್ನು ಸೈಲೆನ್ಸರ್ ತುದಿಗೆ ತುರುಕಿ ಸುತ್ತ ಹಳೆಯ ಪಂಚೆ ಬಿಗಿದರು. ಬ್ರಶ್ಶಿನಿಂದ ಸಾಬೂನು ನೀರು ಬಳಿದರು. ಬಾನೆಟ್ಟಿನೊಳಗೆ ಮುಖವಿಟ್ಟು, ಗುಳ್ಳೆಗಾಗಿ ಕಣ್ಣರಳಿಸಿ, “ಹಚ್ಚವಾ” ಎಂದರು. ಅಂಕಿತಾ ಸ್ವಿಚ್ಚು ಒತ್ತಿದಳು.

ಅವರಿಬ್ಬರಿಗೂ ತಿಳಿಯದ ಒಂದು ಸಂಗತಿಯಿತ್ತು. ಅಂದು ಬೆಳಿಗ್ಗೆ ದೇವರ ಮುಂದೆ ಭುವನೇಶ್ವರಿಯ ಕೈಜಾರಿ ಊರಿಂದ ಬಂದ ಕುಂಕುಮದ ದೊಡ್ಡ ಪೊಟ್ಟಣವೇ ಒಡೆದಿತ್ತು. ಅಷ್ಟನ್ನೂ ಅವರು ಇದೇ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದು, ಖಾಲಿ ಮಾಡದೆ ಮೂಲೆಗಿಟ್ಟಿದ್ದರು.

ಗುಳ್ಳೆ ಬರಲಿಲ್ಲ. ಭುಸ್ಸೆಂದು ಕೆಂಪು ಮೋಡ ಬಂತು. ದಾನಪ್ಪನವರ ಮುಖ, ಕತ್ತು, ಬನಿಯನ್ ಎಲ್ಲವನ್ನೂ ದಾಟಿ ಅದು ಮೇಲೆದ್ದಿತು. ಅಂದು ಗಾಳಿ ಪೂರ್ವಕ್ಕೆ ಬೀಸುತ್ತಿತ್ತು. ಪೂರ್ವಕ್ಕೆ ಬೇಲಿಯಾಚೆ ಮಿಸೆಸ್ ಗಿಲ್ ಅವರ ಹಿತ್ತಿಲು. ಅಲ್ಲಿ ತಂತಿಯ ಮೇಲೆ ಆಗತಾನೇ ಒಗೆದು ಹರವಿದ ಬಿಳಿ ಹಾಸಿಗೆ ಹಾಸುಗಳು ತೂಗುತ್ತಿದ್ದವು.

ಮಿಸೆಸ್ ಗಿಲ್ ಹೊರಬಂದು ತಮ್ಮ ಹಾಸು ನೋಡಿದರು. ಬೇಲಿಯ ಮೇಲಿಂದ ದಾನಪ್ಪನವರನ್ನು ನೋಡಿದರು. ಸಿಟ್ಟಾಗಬೇಕೋ ಹೆದರಬೇಕೋ ತಿಳಿಯದೆ, ಹಿಂದಿಯಲ್ಲಿ ಮೆಲ್ಲಗೆ ಕೇಳಿದರು: “ದಾನಪ್ಪಾಜೀ, ಹೋಳಿ ಮಾರ್ಚ್ ತಿಂಗಳಲ್ಲಿ ಅಲ್ವಾ?”

“ಡ್ಯಾಡ್, ಯು ಲುಕ್ ಲೈಕ್ ಅ ಕ್ರೈಮ್ ಸೀನ್” ಎಂದಳು ಮಗಳು.

ಸದ್ದಿಗೆ ಓಡಿಬಂದ ಭುವನೇಶ್ವರಿ ಮೊದಲು ಎದೆ ಹಿಡಿದುಕೊಂಡರು. ರಕ್ತವಲ್ಲ, ಕುಂಕುಮ ಎಂದು ಗೊತ್ತಾದ ಮೇಲೆ ಸೊಂಟಕ್ಕೆ ಕೈಯಿಟ್ಟರು. “ದೇವರ ಕುಂಕಮಾ ಸೈಲೆನ್ಸರಿಗೆ ಊದೀರಲ್ರೀ. ಮಂದಿ ಗಾಡಿಗೆ ಮ್ಯಾಲ ಹಚ್ಚತಾರ, ನೀವು ಒಳಗಿಂದ ಹಚ್ಚೀರಿ.”

ಆದರೆ ದಾನಪ್ಪನವರಿಗೆ ಯಾವ ಮಾತೂ ಕೇಳುತ್ತಿರಲಿಲ್ಲ. ಅವರು ಬಾನೆಟ್ಟಿನೊಳಗೆ ನೋಡುತ್ತಿದ್ದರು. ಎಣ್ಣೆಮಸಿಯ ಕಗ್ಗತ್ತಲೆಯಲ್ಲಿ, ಇಂಜಿನ್ನಿನ ಪೈಪು ದೊಡ್ಡ ಪೈಪಿಗೆ ಸೇರುವ ಜಾಗದಲ್ಲಿ, ಸುತ್ತಲೂ ಒಂದು ಕೆಂಪು ಗೆರೆ ಮೂಡಿತ್ತು. ಹಣೆಯ ಮೇಲೆ ಎಳೆದಷ್ಟು ಸ್ಪಷ್ಟವಾಗಿತ್ತು.

“ಸಿಕ್ತು” ಎಂದರು. ಕೆಂಪು ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ ಕಂಡವು. “ಭುವನಾ, ಸಿಕ್ತು. ಇಲ್ಲೇ ಸೋರಾಕತ್ತೈತಿ ನೋಡು.”

ಆ ನಗು ನೋಡಿದ ಭುವನೇಶ್ವರಿ ಬೇಲಿಯ ಮೇಲಿಂದ ಮಿಸೆಸ್ ಗಿಲ್ ಅವರ ಹಾಸುಗಳನ್ನು ಇಸಿದುಕೊಂಡರು. ಒಳಗೆ ಹೋಗಿ, ಅವನ್ನು ತಮ್ಮ ಮಶೀನಿಗೆ ಹಾಕಿದರು. ಕೆಂಪಾಗಿ ಹೋದವು ಗುಲಾಬಿಯಾಗಿ ಬಂದವು. ಮಿಸೆಸ್ ಗಿಲ್ ಎತ್ತಿ ಹಿಡಿದು ನೋಡಿ, ಪರವಾಗಿಲ್ಲ, ಈ ಬಣ್ಣದ್ದು ನನ್ನ ಹತ್ತಿರ ಇರಲಿಲ್ಲ ಎಂದರು.

ಪೈಪುಗಳ ಕೂಡುಜಾಗದಲ್ಲಿ ಒಂದು ಉಂಗುರದಂಥ ಗ್ಯಾಸ್ಕೆಟ್ ಇರುತ್ತದೆ. ಎರಡು ಪೈಪುಗಳನ್ನೂ ಬಿಗಿಯಾಗಿ ಎಳೆದು ಹಿಡಿಯಲು ಸುತ್ತ ಸ್ಪ್ರಿಂಗುಗಳು. ಇಲ್ಲಿ ಉಂಗುರ ಇಲಿ ತಿಂದ ರೊಟ್ಟಿಯಂತಾಗಿತ್ತು. ಒಂದು ಸ್ಪ್ರಿಂಗು ಇರಲೇ ಇಲ್ಲ. ಹೊಸವನ್ನು ತರಿಸಿದ್ದಾಯಿತು. ಮಸಿ ಉಜ್ಜಿ ತೆಗೆದು, ಉಂಗುರ ಕೂರಿಸಿ, ಸುತ್ತ ಶಾಖ ತಡೆಯುವ ಅಂಟು ಬಳಿದದ್ದೂ ಆಯಿತು. ಸ್ಪ್ರಿಂಗು ಸಿಕ್ಕಿಸುವುದು ಮಾತ್ರ ಆಗಲಿಲ್ಲ. ಇಕ್ಕಳದಲ್ಲಿ ಹಿಡಿದು ಎಳೆದರೆ ಕೊಕ್ಕೆಗೆ ಕೂದಲೆಳೆಯಷ್ಟು ದೂರ ಬಂದು ನಿಲ್ಲುವುದು, ಇನ್ನಷ್ಟು ಎಳೆದರೆ ಟಣ್ಣನೆ ಹಾರುವುದು. ಮೊದಲ ಸಲ ಹೂಕುಂಡಕ್ಕೆ ಹೋಯಿತು. ಮುಂದಿನ ಸಲ ಕಿಟಕಿ ಹೊಕ್ಕು ಬೇಳೆಸಾರಿಗೆ ಬಿತ್ತು.

ಸೌಟಿನಲ್ಲಿ ಸ್ಪ್ರಿಂಗು ಹಿಡಿದುಕೊಂಡು ಭುವನೇಶ್ವರಿ ಹೊರಬಂದರು. “ಇದು ನಿಮ್ಮದೇನು? ಸಾರಿಗೆ ನಾ ಹಾಕಿದ್ದಲ್ಲ.”

“ಕೈ ನಿಲ್ಲವಲ್ದು ಭುವನಾ” ಎಂದರು ದಾನಪ್ಪನವರು. ಗಾಡಿ ಬಂದ ಮೇಲೆ ಮೊದಲ ಬಾರಿಗೆ ದನಿ ಇಳಿದಿತ್ತು. “ಗೋದಾಮಿನ್ಯಾಗ ಮಶೀನು ಬಂದಾಗಿಂದ ನಾ ಯಾವುದಕ್ಕೂ ಉಪಯೋಗಿಲ್ಲ ಅನಸ್ತೈತಿ. ಇದೂ ಆಗಂಗಿಲ್ಲ ಬಿಡು. ಕೌನ್ಸಿಲ್‌ಗೆ ಹೇಳಿಬಿಡು.”

ಭುವನೇಶ್ವರಿ ಸೌಟು ಕೆಳಗಿಟ್ಟರು. ಒಳಗೆ ಹೋಗಿ ಸೀರೆಯೊಳಗಿನ ಪರಕಾರದ ಗಟ್ಟಿ ಲಾಡಿಯೊಂದನ್ನು ತಂದರು. ಸ್ಪ್ರಿಂಗಿನ ತುದಿಗೆ ಕುಣಿಕೆ ಹಾಕಿ, ಲಾಡಿಯನ್ನು ಲಟ್ಟಣಿಗೆಗೆ ಸುತ್ತಿದರು. “ನಾ ಜಗ್ಗತೇನಿ, ನೀವು ಕೊಕ್ಕಿಗೆ ಹಾಕ್ರಿ. ಒಬ್ಬರ ಕೈಲಿ ಆಗೂ ಕೆಲಸಲ್ಲಿದು” ಎಂದರು. ಗಾಡಿಗೆ ಕಾಲು ಕೊಟ್ಟು, ನೆಲಕ್ಕೆ ಬೆನ್ನು ತಾಗುವಷ್ಟು ಜಗ್ಗಿದರು. ದಾನಪ್ಪನವರು ಬೆರಳಿನಿಂದ ಒತ್ತಿದರು. ಟಕ್ಕೆಂದು ಸ್ಪ್ರಿಂಗು ಕೊಕ್ಕೆಗೆ ಬಿತ್ತು. ಇಬ್ಬರೂ ಹುಲ್ಲಿನ ಮೇಲೆ ಕುಳಿತು ಏದುಸಿರುಬಿಡುತ್ತ ನಕ್ಕರು. ಈ ಮನೆಯ ಹಿತ್ತಿಲಲ್ಲಿ ಆ ಥರ ನಕ್ಕು ಬಹಳ ದಿನವಾಗಿತ್ತು.

“ಈಗ ಹಚ್ಚಿ ನೋಡ್ಲೇನು?” ಎಂದು ದಾನಪ್ಪನವರು ಎದ್ದರು.

“ಕುಂದರ್ರಿ. ಅಂಟು ಒಣಗಬೇಕು. ಹಪ್ಪಳಾ ಒಣಗಾಕೂ ಒಂದಿನಾ ಬೇಕು.”

ಭಾನುವಾರ ಬೆಳಿಗ್ಗೆ ದಾನಪ್ಪನವರು ಇಸ್ತ್ರಿ ಅಂಗಿ ಹಾಕಿಕೊಂಡರು. ಬೇಲಿಯಾಚೆ ಮಿಸೆಸ್ ಗಿಲ್, ಈಚೆ ಹೆಂಡತಿ, ಮಗಳು. ಇಷ್ಟು ಜನರ ಮುಂದೆ ಗಾಡಿ ಪೆಟ್ಟಿಗೆಯ ಮೇಲೆ ಅಂಡೆತ್ತಿಕೊಂಡು ನಿಲ್ಲುವುದು ಶೋಭೆಯಲ್ಲವೆಂದು, ಪೆಟ್ಟಿಗೆ ಸರಿಸಿ ಅದನ್ನು ನೆಲಕ್ಕಿಳಿಸಿದರು. ಸೀಟಿನ ಮೇಲೆ ರಾಜಗಾಂಭೀರ್ಯದಿಂದ ಕುಳಿತರು. ಹಗ್ಗ ಎಳೆದರು.

ಗುರ್ ಗುರ್ ಗುರ್. ಅಷ್ಟೇ. ತುದಿಯಿಂದ ಒಂದು ತೆಳು ಹೊಗೆ, ಅದೂ ವಿನಯದಿಂದ. ಅಲಾರಂ ತುಟಿಪಿಟಿಕ್ಕೆನ್ನಲಿಲ್ಲ. ಅಂಕಿತಾ ಚಪ್ಪಾಳೆ ತಟ್ಟಿದಳು. ಭುವನೇಶ್ವರಿ ಗಂಡನನ್ನು ನೋಡಿ ತಲೆದೂಗಿದರು. ದಾನಪ್ಪನವರಿಗೆ ಎದೆಯೊಳಗೆ ಏನೋ ತುಂಬಿ ಬಂತು. ಆ ಭರದಲ್ಲಿ, ಎಂದಿನ ರೂಢಿಯಂತೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದರು.

ಸೈಲೆನ್ಸರ್ ಸೋರುವಾಗ ಇಂಜಿನ್ನಿನ ಅರ್ಧ ಶಕ್ತಿ ಹೊಗೆಯಾಗಿ ಹೋಗುತ್ತಿತ್ತು. ಆಗ ಎಷ್ಟು ಒತ್ತಿದರೂ ಹಿಂದಿನ ಪಟ್ಟೆ ಪೆಟ್ಟಿಗೆಯ ಮೇಲೆ ಸೋಮಾರಿಯಾಗಿ ಉರುಳುತ್ತಿತ್ತು, ಸದ್ದು ಮಾತ್ರ ಜೋರು. ಈಗ ಆ ಶಕ್ತಿಯೆಲ್ಲ ಮನೆಗೆ ಮರಳಿತ್ತು. ಪೆಟ್ಟಿಗೆಯೂ ಇರಲಿಲ್ಲ.

ಸೋರಿಕೆ ನಿಂತಿತು, ಗಾಡಿ ನಿಲ್ಲಲಿಲ್ಲ. ಒದ್ದೆ ಹುಲ್ಲನ್ನು ಕಚ್ಚಿ ಹಿಡಿದು, ಹಗ್ಗ ಬಿಚ್ಚಿದ ಹೋರಿಯಂತೆ ಹಾರಿತು. ಕೊಳೆತ ಬೇಲಿ ದಾರಿ ಬಿಟ್ಟಿತು. ಮಿಸೆಸ್ ಗಿಲ್ ಬದಿಗೆ ಸರಿದು ದಾರಿ ಬಿಟ್ಟರು. ದಾನಪ್ಪನವರು “ಬಸವಣ್ಣಾ” ಎಂದು ಕೂಗುತ್ತ, ಹಿಡಿಯನ್ನು ಬಿಡುವ ಬದಲು ಇನ್ನಷ್ಟು ಬಿಗಿಹಿಡಿದು, ಅವರ ತರಕಾರಿ ಪಾತಿಯನ್ನು ಈ ತುದಿಯಿಂದ ಆ ತುದಿಯವರೆಗೆ ಸೀಳಿಕೊಂಡು ಹೋದರು. ಗಿಡ ಬೆಳೆಸುವ ಗಾಜಿನ ಮನೆಗೆ ಒಂದು ಗೇಣು ಇರುವಾಗ ಅವರ ಬೆರಳುಗಳಿಗೆ ಬುದ್ಧಿ ಬಂತು. ಗಾಡಿ ನಿಂತಿತು. ನಿಂತಲ್ಲೇ ಬೆಕ್ಕಿನ ಮರಿಯಂತೆ ಗುರ್ ಗುರ್ ಎನ್ನುತ್ತಲೇ ಇತ್ತು.

ದಾನಪ್ಪನವರು ಇಂಜಿನ್ ಆರಿಸಿ ತಲೆ ತಗ್ಗಿಸಿ ಕುಳಿತರು. “ಸಾರಿ, ಮಿಸೆಸ್ ಗಿಲ್. ಇದನ್ನ ನಾಳೆನೇ ಕಳಿಸಿಬಿಡ್ತೀನಿ” ಎಂದು ಬಂದಷ್ಟು ಹಿಂದಿಯಲ್ಲಿ ಹೇಳಿದರು.

ಮಿಸೆಸ್ ಗಿಲ್ ಬಗ್ಗಿ, ಪಾತಿಯಿಂದ ಒಂದು ಹಿಡಿ ಮಣ್ಣೆತ್ತಿದರು. ಕಲ್ಲಿನಂತಿದ್ದ ನೆಲ ಗೇಣುದ್ದ ಆಳಕ್ಕೆ ಸಡಿಲಾಗಿ, ಪುಡಿಪುಡಿಯಾಗಿ ಬಿದ್ದಿತ್ತು.

“ಬೆಳ್ಳುಳ್ಳಿ ಹಾಕಬೇಕು, ಒಂದಿಷ್ಟು ಅಗೆದು ಕೊಡು ಅಂತ ಮಗನಿಗೆ ಹೇಳಿ ಹೇಳಿ ಬಾಯಿ ಬತ್ತಿತ್ತು” ಎಂದರು. “ಕಳಿಸೋದೆಲ್ಲ ಆಮೇಲೆ. ಆ ಕಡೆ ಅರ್ಧ ಉಳಿದಿದೆ, ಮೊದಲು ಅದನ್ನ ಮುಗಿಸಿ. ಆಮೇಲೆ ನನ್ನ ಹುಲ್ಲು ಕತ್ತರಿಸೋ ಮಶೀನು ನೋಡಿ, ಅದೂ ಹೀಗೇ ಹೊಗೆ ಬಿಡುತ್ತೆ. ನನ್ನ ತಂಗಿ ಮನೇದೂ ಇದೆ.”

ದಾನಪ್ಪನವರು ನಿಧಾನವಾಗಿ ತಲೆಯೆತ್ತಿದರು. ಬೆನ್ನು ನೆಟ್ಟಗಾಯಿತು. ಮಾಜಿ ಸೂಪರ್‌ವೈಸರರ ಗತ್ತಿನಲ್ಲಿ, “ಬುಧವಾರ ತಂದಿಡಿ, ನೋಡೋಣ” ಎಂದರು. ಬೇಲಿ ಕಟ್ಟಿಕೊಡುವುದಾಗಿಯೂ ಮಾತು ಕೊಟ್ಟರು.

ಉರುಳಿದ ಬೇಲಿಯನ್ನು ದಾಟಿ ಭುವನೇಶ್ವರಿ ಚಹಾದ ಲೋಟ ಹಿಡಿದು ಬಂದರು. ಉತ್ತ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಮಣ್ಣು ಮೆತ್ತಿದ ಇಸ್ತ್ರಿ ಅಂಗಿಯನ್ನು ನೋಡಿದರು.

“ನಿಮ್ಮಪ್ಪ ಹೊಲದಾಗ ರಂಟಿ ಹೊಡಿ ಅಂದಿದ್ದಕ್ಕ ಸಿಟ್ಟಾಗಿ ಊರು ಬಿಟ್ಟು ಲಂಡನ್ನಿಗೆ ಬಂದ್ರಿ” ಎಂದರು ಲೋಟ ಕೈಗಿಡುತ್ತ. “ಕಡೀಕೂ ಹೊಡದ್ರಿ. ಅದೂ ಮಂದಿ ಹೊಲದಾಗ.”