ಒಂದು ಆಪರೇಷನ್, ಮೂರು ಸುಳ್ಳು

ಹುಲಿಗೇಶನಿಗೆ ಕ್ಯಾನ್ಸರ್ ಬಂದು, ಹೋಗಿ, ಎರಡು ವರ್ಷವಾಗಿತ್ತು. ಕೈಗೋ ಕಾಲಿಗೋ ಬಂದಿದ್ದರೆ ಬೆಟಗೇರಿಯ ತುಂಬ ಹೇಳಿಕೊಂಡು ತಿರುಗಬಹುದಿತ್ತು. ಬಂದದ್ದು ವೃಷಣಕ್ಕೆ. ಡಾಕ್ಟರು ಒಂದನ್ನು ತೆಗೆದು, ಕೆಲವು ತಿಂಗಳು ಔಷಧಿ ಏರಿಸಿ, ಗುಣವಾಗಿದೆ ಎಂದು ಮನೆಗೆ ಕಳಿಸಿದ್ದರು. ಉದುರಿದ ಕೂದಲು ಮೊದಲಿಗಿಂತ ದಟ್ಟವಾಗಿ ಬೆಳೆದಿತ್ತು. ಮುಚ್ಚಿದ್ದ ಮೋಟಾರ್ ವೈಂಡಿಂಗ್ ಅಂಗಡಿ ಮತ್ತೆ ತೆರೆದಿತ್ತು. ಇನ್ನು ಮದುವೆಯೊಂದು ಬಾಕಿ ಎಂದು ತಾಯಿ ಮಂಜವ್ವ ಬೆನ್ನು ಹತ್ತಿದ್ದಳು.

ತೊಂದರೆ ಶುರುವಾದದ್ದು ಕಳೆದ ವಾರದ ತಪಾಸಣೆಯಲ್ಲಿ. ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ನಿಶಾತ ಮೇಡಂ ರಕ್ತದ ರಿಪೋರ್ಟು ನೋಡಿದ ಮೇಲೆ ಎದ್ದು ಬಾಗಿಲು ಮುಂದೆ ಮಾಡಿ, "ಗಂಡಸ್ತನದ ವಿಷಯದಾಗ ಏನರ ತ್ರಾಸ ಐತೇನ್ರಿ? ಹೆದರಿಕಿ, ಚಿಂತಿ?" ಎಂದು ನೇರವಾಗಿ ಕೇಳಿದರು. ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಹುಲಿಗೇಶ ತಲೆ ಮೇಲೆ ಮಾಡಿ, "ನಿಮ್ಮ ಫ್ಯಾನಿನ ಬೇರಿಂಗ್ ಹೋಗೇತ್ರಿ ಮೇಡಂ," ಎಂದ.

"ಫ್ಯಾನ್ ಆಮ್ಯಾಲ ನೋಡೂಣು," ಎಂದರು ಮೇಡಂ. "ನಿಮ್ಮ ಪರೀಕ್ಷಿ ಎಲ್ಲಾ ಸರಿ ಬಂದಾವು. ಸಂಸಾರಕ್ಕ ಅಡ್ಡಿ ಇಲ್ಲ. ಮಕ್ಕಳಾಗಾಕೂ ಅಡ್ಡಿ ಕಾಣೂದಿಲ್ಲ. ಹೆದರಿಕಿ ಇರೂದು ಸಹಜ ಐತಿ, ಅದಕ್ಕೂ ಉಪಾಯ ಐತಿ. ಒಂದ ಮಾತು. ಲಗ್ನಾ ಆಗೂ ಹುಡುಗಿಗೆ ಮೊದಲ ಹೇಳಿಬಿಡ್ರಿ. ಬೇಕಾದ್ರ ಇಬ್ಬರೂ ಕೂಡಿ ಬರ್ರಿ, ನಾ ತಿಳಿಸಿ ಹೇಳ್ತೀನಿ."

ಈ ಮಾತನ್ನು ಹುಲಿಗೇಶ ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಸರಿಯಿತ್ತು. ಭಾನುವಾರ ಮುಂಜಾನೆ ಡೋಣಿ ಎಂಬ ಊರಿಗೆ ಕನ್ಯಾ ನೋಡಲು ಹೊರಟ ಕಾರಿನಲ್ಲಿ, ಗದಗ ದಾಟುವ ಮೊದಲೇ ಹೇಳಿಬಿಟ್ಟ.

ಮುಂದಿನ ಸೀಟಿನಲ್ಲಿದ್ದ ಸೋದರಮಾವ ಅಂದಾನಪ್ಪ ಬಿಸಿ ಚಹಾ ಮೈಮೇಲೆ ಬಿದ್ದವನಂತೆ ತಿರುಗಿದ. "ಲೇ, ಹುಡುಗಿ ಸಿಗೂದ ಈಗ ಬಂಗಾರ ಸಿಕ್ಕಂಗ ಆಗೇತಿ. ನೀ ಬಾಯಿ ಬಿಟ್ಟಿ ಅಂದ್ರ ಮುಂದಿನ ಬಾಗಲಾ ಎಲ್ಲಾ ಮುಚ್ಚಿದಂಗ. ಯಾರರ ಕೇಳಿದ್ರ ನಾ ನೋಡ್ಕೊಂತೀನಿ."

"ಖರೆ ಹೇಳಿದ್ರ ಏನಾಕ್ಕೈತಿ ಮಾವ?"

"ಏನೂ ಆಗೂದಿಲ್ಲ. ಲಗ್ನಾನೂ ಆಗೂದಿಲ್ಲ."

ಕಾರು ಓಡಿಸುತ್ತಿದ್ದ ಗೆಳೆಯ ತನ್ವೀರ, "ಕಾಕಾ ಹೇಳೂದು ಬರೋಬರಿ ಐತಿ ಹುಲ್ಯಾ, ನೀ ಸುಮ್ಮಕಿರು," ಎಂದ. ಮಂಜವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾಯಿಯ ಕಣ್ಣೀರು ಕಂಡು ಹುಲಿಗೇಶ ಬಾಯಿ ಮುಚ್ಚಿದ. ಸುಳ್ಳು ಹೇಳಬೇಕೆಂಬುದು ಹೀಗೆ ಕಾರಿನಲ್ಲೇ ನಿಕ್ಕಿಯಾಯಿತು. ಯಾವ ಸುಳ್ಳು ಎಂಬುದನ್ನು ಮಾತ್ರ ಯಾರೂ ಮಾತಾಡಿಕೊಳ್ಳಲಿಲ್ಲ.

ಡೋಣಿಯಲ್ಲಿ ಹುಡುಗಿಯ ತಂದೆ ಹನಮಪ್ಪ ಕೈಕಾಲಿಗೆ ನೀರು ಕೊಟ್ಟು, ಪಡಸಾಲೆಯಲ್ಲಿ ಜಮಖಾನ ಹಾಸಿ ಕೂಡಿಸಿದ. ಹುಡುಗಿ ರೋಜಾ ಮುಂಡರಗಿಯ ಶಾಲೆಯೊಂದರಲ್ಲಿ ಟೀಚರು. ಅವಳಿನ್ನೂ ಒಳಗಿದ್ದಳು. ಕನ್ಯಾ ನೋಡಲು ಬಂದವರನ್ನು ನೋಡಲು ಓಣಿಯವರು ಬಾಗಿಲಲ್ಲಿ, ಕಟ್ಟೆಯ ಮೇಲೆ, ಕಿಟಕಿಯಲ್ಲಿ ಸಿಕ್ಕಲ್ಲಿ ಜಾಗ ಹಿಡಿದಿದ್ದರು.

ಹನಮಪ್ಪ ಬೋರ್‌ವೆಲ್ ನಂಬಿದ ರೈತ. ಮೊದಲ ಮಾತೇ ಮೋಟಾರಿನದು. "ಎರಡು ವರ್ಷದ ಹಿಂದ ನಮ್ಮ ಮೋಟರ್ ಸುಟ್ಟಾಗ ನಿಮ್ಮ ಅಂಗಡಿಗೆ ತಂದಿದ್ದೆ. ಬಾಗಲಾ ಹಾಕಿತ್ತು. ಮತ್ತ ಹೋದೆ, ಆಗೂ ಹಾಕಿತ್ತು. ಅಷ್ಟು ದಿನಾ ಎಲ್ಲಿ ಹೋಗಿದ್ರಿ?"

ಹುಲಿಗೇಶ ಬಾಯಿ ತೆರೆಯುವುದರೊಳಗೆ ಅಂದಾನಪ್ಪ, "ಅಪೆಂಡಿಕ್ಸ್ ಆಪರೇಷನ್ ಆಗಿತ್ತರಿ," ಎಂದ.

"ಅಪೆಂಡಿಕ್ಸಿಗೆ ಅಷ್ಟು ದಿನಾ?"

"ಅದು ಭಾಳ ದೊಡ್ಡದಿತ್ತರಿ."

ಇದೇ ಹೊತ್ತಿಗೆ ಅಡುಗೆಮನೆಯಲ್ಲಿ ಹನಮಪ್ಪನ ತಾಯಿ ಉಪ್ಪಿಟ್ಟು ಕೈಯಾಡಿಸುತ್ತ ಮಂಜವ್ವನಿಗೆ ಅದೇ ಪ್ರಶ್ನೆ ಹಾಕಿದ್ದಳು. ಪಡಸಾಲೆಯ ಮಾತು ಮಂಜವ್ವನ ಕಿವಿಗೆ ಬಿದ್ದಿರಲಿಲ್ಲ. "ಕಿಡ್ನ್ಯಾಗ ಹರಳ ಆಗಿದ್ದುವು, ತಗಸಿದ್ವಿ ಬಿಡ್ರಿ ಯವ್ವಾ," ಎಂದಳು ಅವಳು. ಹೊರಗೆ ಕಾರಿನ ಸುತ್ತ ನೆರೆದ ಓಣಿಯ ಗಂಡಸರಿಗೆ ತನ್ವೀರ ಇನ್ನೊಂದು ಕತೆ ಹೇಳಿದ್ದ. ಗೆಳೆಯನಿಗೆ ಒಂದಿಷ್ಟು ಗತ್ತು ಇರಲಿ ಎಂದು, ಲಾರಿಗೆ ಅಡ್ಡ ಬಂದ ಮುದುಕಿಯನ್ನು ಉಳಿಸಲು ಹೋಗಿ ಹುಲಿಗೇಶ ತೊಡೆಯ ಎಲುಬು ಮುರಿದುಕೊಂಡದ್ದನ್ನೂ, ಒಳಗೆ ಕಬ್ಬಿಣದ ರಾಡು ಹಾಕಿದ್ದನ್ನೂ ವಿವರವಾಗಿ ಬಣ್ಣಿಸಿದ್ದ.

ಡೋಣಿ ಸಣ್ಣ ಊರು. ಉಪ್ಪಿಟ್ಟು ತಟ್ಟೆಗೆ ಬೀಳುವಷ್ಟರಲ್ಲಿ ಮೂರೂ ಸುದ್ದಿ ಹನಮಪ್ಪನ ಕಿವಿ ಮುಟ್ಟಿದವು. ಅವನು ಸಿಟ್ಟಾಗಲಿಲ್ಲ. ಸುಟ್ಟ ಮೋಟಾರನ್ನು ನೋಡುವಂತೆ ಹುಲಿಗೇಶನನ್ನು ಮೇಲಿನಿಂದ ಕೆಳಗೆ ನೋಡಿ, ಅಂದಾನಪ್ಪನತ್ತ ತಿರುಗಿದ.

"ಅಪೆಂಡಿಕ್ಸ್ ತಗದಾರ. ಕಿಡ್ನಿ ಕೊಯ್ದಾರ. ತೊಡ್ಯಾಗ ರಾಡ್ ಹಾಕ್ಯಾರ. ಹಂಗಾರ ಹುಡುಗನ್ದು ಅಂತ ಒಳಗ ಉಳದಿದ್ದೇನು ಅಂತ ಹೇಳ್ರಿ. ಅದನ್ನಷ್ಟ ನೋಡಿ ಹೆಣ್ಣು ಕೊಡೂದೋ ಬ್ಯಾಡೋ ವಿಚಾರ ಮಾಡ್ತೀವಿ."

ಅಂದಾನಪ್ಪ ಉಪ್ಪಿಟ್ಟಿನಲ್ಲಿ ಕರಿಬೇವು ಹುಡುಕತೊಡಗಿದ. ಬಾಗಿಲಲ್ಲಿ ನಿಂತಿದ್ದ ತನ್ವೀರ ಮೆಲ್ಲಗೆ ಕಾರಿನತ್ತ ಸರಿದ. ಹುಲಿಗೇಶ ತಟ್ಟೆಯನ್ನು ಕೆಳಗಿಟ್ಟ.

"ಮೂರೂ ಸುಳ್ಳರಿ," ಎಂದ. "ಖರೆ ಯಾವುದು ಅನ್ನೂದನ್ನ ಮೊದಲ ನಿಮ್ಮ ಮಗಳಿಗೆ ಹೇಳ್ತೀನಿ. ಆಮ್ಯಾಲ ನಿಮಗ."

ಹನಮಪ್ಪ ಹಿತ್ತಲ ಬಾಗಿಲು ತೋರಿಸಿದ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ರೋಜಾ ನಿಂತಿದ್ದಳು. ಅವಳ ಮುಖ ನೋಡಲು ತಲೆ ಎತ್ತಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಹುಲಿಗೇಶ ನೆಲ ನೋಡುತ್ತ ಮಾತು ತೆಗೆದ.

"ಒಂದು ಬಾವಿಗೆ ಎರಡು ಮೋಟರ್ ಅದಾವು ಅಂತ ತಿಳ್ಕೋರಿ. ಒಂದು ಸುಟ್ಟು ಹೋತು. ಅದನ್ನ ತಗದ್ರೂ ಇನ್ನೊಂದು..."

"ಮೋಟರಿಂದು ಬ್ಯಾಡ್ರಿ," ಎಂದಳು ರೋಜಾ. "ನಿಮ್ದು ಹೇಳ್ರಿ."

ಹೇಳಿದ. ಕ್ಯಾನ್ಸರ್ ಎಂಬ ಮಾತು ಬಂದಾಗ ಅವಳು ಸೆರಗಿನ ಅಂಚು ಬಿಗಿಯಾಗಿ ಹಿಡಿದಳು. ಎಲ್ಲಿ ಎಂದು ಕೇಳಿದಳು. ಅದನ್ನೂ ಹೇಳಿದ. ಕಿವಿ ಕೆಂಪಾದರೂ ಅವಳು ಅಲ್ಲಿಂದ ಕದಲಲಿಲ್ಲ.

"ಮತ್ತ ಬರತೈತೇನು?"

"ಬರಲಿಕ್ಕಿಲ್ಲ ಅಂದಾರ. ಪ್ರತಿ ವರ್ಷಾ ತಪಾಸಣಿಗೆ ಹೋಗಬೇಕು."

"ಲಗ್ನಾ ಆದಮ್ಯಾಲಿನ ಸಂಗತಿ?"

"ಏನೂ ಅಡ್ಡಿ ಇಲ್ಲ ಅಂದಾರ. ಮಕ್ಕಳಾಗಾಕೂ ಅಡ್ಡಿ ಕಾಣೂದಿಲ್ಲಂತ. ನೀವೂ ಬಂದು ಡಾಕ್ಟರ ಮೇಡಂ ಕಡೆ ಕೇಳಬಹುದು."

"ಡಾಕ್ಟರು ಅಂದದ್ದು ತಿಳೀತು. ನಿಮಗ ಏನನಸ್ತೈತಿ?"

"ಹೆದರಿಕಿ ಐತ್ರಿ," ಎಂದ. "ಮೈ ಸರಿ ಐತಿ. ಆದ್ರ ಯಾರರ ಹತ್ತರ ಬಂದಾಗ ನಾ ಅರ್ಧಾ ಮನಷ್ಯಾ ಅಂತ ತಿಳದಾರು ಅಂತ ಹೆದರಿಕಿ. ಇದನ್ನ ನಮ್ಮವ್ವಗೂ ಹೇಳಿಲ್ಲ."

"ಅರ್ಧಾ ಮನಷ್ಯಾರು ಹಿಂಗ ನಿಂತು ಹೇಳೂದಿಲ್ಲ," ಎಂದಳು ರೋಜಾ. ಆಮೇಲೆ, "ಅಪ್ಪಗ ನಾನ ಹೇಳ್ತೀನಿ. ನಿಮಗ ಎರಡನೇ ಸಲ ಹೇಳೂ ತ್ರಾಸ ಬ್ಯಾಡ," ಎಂದು ಒಳಗೆ ಹೋದಳು.

ಹಿತ್ತಲ ಕಿಟಕಿಗೆ ಅಂಟಿಕೊಂಡಿದ್ದ ನಾಲ್ಕೈದು ತಲೆಗಳು ಒಮ್ಮೆಲೇ ಮಾಯವಾದವು.

ಮಗಳ ಮಾತು ಕೇಳಿ ಹೊರಬಂದ ಹನಮಪ್ಪನ ಮುಖ ಗಂಭೀರವಾಗಿತ್ತು, ಆದರೆ ದನಿ ಮೆತ್ತಗಿತ್ತು. "ಬ್ಯಾನಿ ಯಾರಿಗೂ ಹೇಳಿ ಬರೂದಿಲ್ಲ ತಮ್ಮಾ. ನೀ ಹೇಳಿದ್ದು ಛಲೋ ಆತು. ನಾವೂ ವಿಚಾರ ಮಾಡಿ ಫೋನ್ ಮಾಡ್ತೀವಿ," ಎಂದ. ಉಳಿದ ಉಪ್ಪಿಟ್ಟನ್ನು ತಿಂದೇ ಹೋಗಬೇಕೆಂದು ಅಜ್ಜಿ ಹಟ ಹಿಡಿದಳು. ಹುಲಿಗೇಶ ಎರಡು ತಟ್ಟೆ ತಿಂದ.

ತಿರುಗಿ ಬರುವಾಗ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿದ್ದವು. ದಾರಿಯ ಚಹಾದಂಗಡಿಯಲ್ಲಿ ನಿಂತಿದ್ದಾಗ ಅಂದಾನಪ್ಪನ ಫೋನು ರಿಂಗಾಯಿತು. "ಹೂನ್ರಿ... ಹೂನ್ರಿ... ಆತು ಬಿಡ್ರಿ," ಎನ್ನುತ್ತ ಅವನ ಮುಖ ಸಣ್ಣದಾಯಿತು. ಮಂಜವ್ವ ಚಹಾದ ಲೋಟ ಕೆಳಗಿಟ್ಟಳು.

"ಒಲ್ಲೆ ಅಂದಾಳಂತ," ಎಂದ ಅಂದಾನಪ್ಪ.

"ನಾ ಹೇಳಿದ್ದಕ್ಕೇನು?" ಎಂದ ಹುಲಿಗೇಶ.

"ಅದಕ್ಕಲ್ಲೋ. ಅವರಪ್ಪ ಅದಕ್ಕ ಒಪ್ಪಿದ್ದ. ಹುಡುಗೀನೂ 'ಮನಷ್ಯಾ ಛಲೋ ಅದಾನ, ಬ್ಯಾನಿ ಬಗ್ಗೆ ನನ್ನ ಮನಸಿನಾಗ ಏನೂ ಇಲ್ಲ' ಅಂದ್ಲಂತ. 'ಆದ್ರ ಭಾಳ ಗಿಡ್ಡ ಅದಾನ' ಅಂದ್ಲಂತ."

"ಗಿಡ್ಡ?"

"ಫೋಟೋದಾಗ ಬಾಜೂಕ ನಿಂತ್ರ ಆಕಿ ಸಾಲ್ಯಾಗಿನ ಮೂರನೇ ಕ್ಲಾಸಿನ ಹುಡುಗನಂಗ ಕಾಣ್ತಾನ ಅಂದ್ಲಂತ."

"ಬ್ಯಾರೆ ಏನೂ ಅಂದಿಲ್ಲಾ?"

"ಇನ್ನೇನ ಅನಬೇಕಾಗಿತ್ತು?"

ಹುಲಿಗೇಶನಿಗೆ ಮೊದಲು ನಗು ಬಂತು. ಎರಡು ವರ್ಷದಿಂದ ಅವನು ಹೆದರುತ್ತಿದ್ದ ಕಾರಣವನ್ನು ಬಿಟ್ಟು, ಯಾವ ಗಂಡಸನ್ನಾದರೂ ಒಲ್ಲೆ ಎನ್ನಬಹುದಾದ ಸಾದಾ ಕಾರಣಕ್ಕೇ ಅವಳು ಒಲ್ಲೆ ಎಂದಿದ್ದಳು. ನಕ್ಕು ಮುಗಿದ ಮೇಲೆ ಬೇಸರ ಬಂತು. ರೋಜಾ ಅವನಿಗೆ ಬಹಳ ಹಿಡಿಸಿದ್ದಳು. ಉಳಿದ ಹೆದರಿಕೆಗೆಲ್ಲ ನಿಶಾತ ಮೇಡಂ ಬಳಿ ಉಪಾಯವಿತ್ತು, ಗಿಡ್ಡತನಕ್ಕೆ ಅವರೂ ಏನು ಮಾಡಿಯಾರು.

ಮಂಜವ್ವ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಆಕಿ ಉದ್ದ ಅದಾಳ ಅನ್ನು. ನನ್ನ ಮಗಾ ಎಲ್ಲಿ ಗಿಡ್ಡ ಅದಾನ?" ಎಂದು ಚಹಾದಂಗಡಿಯವನನ್ನೇ ಕೇಳಿದಳು. ಅವನು ಹುಲಿಗೇಶನನ್ನು ನೋಡಿ, ಲೋಟ ತೊಳೆಯಲು ಹೋದ.

ಅಂದಾನಪ್ಪ ಕಾರಿನಲ್ಲಿ ಕೂತು, ಬಾಗಿಲು ಹಾಕಿಕೊಂಡು, ಹಿಂದೆ ತಿರುಗಿದ.

"ಬರೂ ಐತವಾರ ಕುರ್ತಕೋಟಿಗೆ ಇನ್ನೊಂದು ಕನ್ಯಾ ನೋಡಾಕ ಹೋಗೂಣು. ಕ್ಯಾನ್ಸರಿನ ಸುದ್ದಿ ನಾನ ಮೊದಲ ಹೇಳಿಬಿಡ್ತೀನಿ, ಅದರಾಗ ಮುಚ್ಚಿಡೂದೇನೈತಿ. ನೀ ಮಾತ್ರ ಅಲ್ಲಿ ಕುಂತಲ್ಲಿಂದ ಏಳಬ್ಯಾಡ."