ಚಟಪಟ ಅನ್ನುವ ವಾಲ್ವೂ ಹುಳು ಸಾಕಿದ ಕಿವಿಯೂ

ಮೊದಲು ಸಂತೋಷದ ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಉಸಿರಾಡುತ್ತೇನೆ. ನನ್ನ ಮೊಮ್ಮಗಳು ಸಿಂಧುವನ್ನು ಚಿಕ್ಕಬಳ್ಳಾಪುರದ ವಾದ್ಯಗೋಷ್ಠಿಯವರು ಗಿಟಾರ್ ನುಡಿಸಲು ಸೇರಿಸಿಕೊಂಡರು! ಅದರಲ್ಲಿ ಅರ್ಧ ಅವಳ ಬೆರಳಿನ ಗುಣ, ಅರ್ಧ ನನ್ನ ಕಿವಿಯ ಗುಣ. ನಗರಗೆರೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಯಾಯಿತು, ಉಳಿದವರು ನೀವೇ.

ಸಿಂಧುವಿನ ಹತ್ತಿರ ಒಂದು ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆ ಇದೆ. ಒಳಗೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವ್‌ಗಳು. ಸ್ವಿಚ್ ಹಾಕಿದರೆ ಕೆಂಡದ ಹಾಗೆ ಕೆಂಪಗಾಗುತ್ತವೆ. ಅದಿಲ್ಲದೆ ಅವಳ ಗಿಟಾರಿಗೆ ದನಿಯೇ ಇಲ್ಲ. ಅದರಲ್ಲೇ ನುಡಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ನಿನ್ನೆ ಮಧ್ಯಾಹ್ನದೊಳಗೆ ಕಳಿಸಬೇಕಿತ್ತು. ನುಡಿಸಲು ಕೂತರೆ ಪೆಟ್ಟಿಗೆ ಒಂದು ಕಡೆ ಗುಂಯ್ ಅನ್ನುತ್ತೆ, ಇನ್ನೊಂದು ಕಡೆ ಚಟಪಟ ಅನ್ನುತ್ತೆ. ನನ್ನ ಮಗ ನಾಗರಾಜ, ಅಂದರೆ ಅವಳಪ್ಪ, ಇವತ್ತು ಸರಿಹೋಗದಿದ್ದರೆ ಗುಜರಿಗೆ ಹಾಕುತ್ತೇನೆ ಎಂದುಬಿಟ್ಟ. ಹುಡುಗಿಯ ಮುಖ ಬಾಡಿತು.

ಗುಂಯ್ ಅನ್ನುವುದನ್ನು ಹಿಡಿಯಲು ನಾನೇ ಮುಂದಾದೆ. ಫ್ರಿಜ್ಜು ಆರಿಸಿದೆ, ಬೋರ್‌ವೆಲ್ ಮೋಟಾರು ನಿಲ್ಲಿಸಿದೆ, ಸೊಸೆ ಲಕ್ಷ್ಮಿಯ ಮಿಕ್ಸಿ ಕಿತ್ತೆ. ಚಟ್ನಿ ಅರ್ಧಕ್ಕೇ ನಿಂತಿತು. ಗುಂಯ್ ಮಾತ್ರ ನಿಲ್ಲಲಿಲ್ಲ. ಕೊನೆಗೆ ಸಿಂಧು ಹೋಗಿ ದೇವರ ಫೋಟೋಗೆ ಸುತ್ತಿದ್ದ ಮಿಣುಕು ದೀಪದ ಸೀರಿಯಲ್ ಸೆಟ್ಟಿನ ಪ್ಲಗ್ ಎಳೆದಳು. ನಿಂತೇ ಹೋಯಿತು. ದೇವರ ಮೇಲೆ ಅಪವಾದ ಬೇಡ, ಜಾತ್ರೆಯಲ್ಲಿ ಚೌಕಾಸಿ ಮಾಡಿ ಆ ಸೆಟ್ಟು ತಂದವಳು ನಾನೇ.

ಚಟಪಟ ಉಳಿಯಿತು. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಆ ಸದ್ದು ನನಗೆ ಗೊತ್ತಿದ್ದ ಸದ್ದು. ತವರು ಶಿಡ್ಲಘಟ್ಟದ ಕಡೆ. ಅಲ್ಲೂ ಇಲ್ಲೂ ರೇಷ್ಮೆ ಹುಳು ಸಾಕಿಯೇ ಬಾಳಿದವಳು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುವಾಗ ಹುಳು ಮನೆಯೆಲ್ಲ ಹೀಗೇ ಚಟಪಟ ಅನ್ನುತ್ತದೆ. ಸದ್ದಿನಲ್ಲೇ ಯಾವ ತಟ್ಟೆಯ ಹುಳು ಚೆನ್ನಾಗಿದೆ, ಯಾವುದು ಕೆಟ್ಟಿದೆ ಎಂದು ಹೇಳುತ್ತಿದ್ದೆ. ನಾಗರಾಜ ಪೆಟ್ಟಿಗೆ ಎತ್ತಲು ಬಂದಾಗ ಅಡ್ಡ ನಿಂತೆ.

"ಒಂದು ಹುಳ ಕಾಯಿಲೆ ಬಿದ್ರೆ ಇಡೀ ತಟ್ಟೆ ತಿಪ್ಪೆಗೆ ಸುರೀತಿದ್ವೇನಪ್ಪ? ಅದೊಂದನ್ನ ಆಯ್ದು ತೆಗೀತಿರ್ಲಿಲ್ವಾ?"

"ಅಮ್ಮ, ಇದು ಹುಳ ಅಲ್ಲ, ಕರೆಂಟು. ದೂರ ಕೂತ್ಕೊ."

ದೂರ ಕೂತೆ, ಬಾಯಿ ಮಾತ್ರ ಹತ್ತಿರವೇ ಇತ್ತು. ಸಿಂಧು ಅಷ್ಟರಲ್ಲಿ ಪೆನ್ಸಿಲ್ ತಂದಿದ್ದಳು. ಅದರ ಹಿಂತುದಿಯಿಂದ ಒಂದೊಂದೇ ವಾಲ್ವನ್ನು ಮೆಲ್ಲಗೆ ತಟ್ಟಿದಳು. ಮೊದಲನೆಯದು ಸುಮ್ಮನಿತ್ತು, ಎರಡನೆಯದೂ ಸುಮ್ಮನಿತ್ತು. ಮೂರನೆಯದನ್ನು ಮುಟ್ಟಿದ್ದೇ ತಡ, ಎಣ್ಣೆಗೆ ಸಾಸಿವೆ ಬಿದ್ದ ಹಾಗೆ ಪೆಟ್ಟಿಗೆಯೆಲ್ಲ ಸಿಡಿಯಿತು.

"ಸಿಕ್ತು ಕಣಜ್ಜಿ, ಕಾಯಿಲೆ ಹುಳ."

ಸ್ವಿಚ್ ಆರಿಸಿ, ಗಾಜು ತಣ್ಣಗಾಗುವವರೆಗೆ ಕಾದೆವು. ಸಿಂಧು ಹುಟ್ಟುವಾಗ ಹೆರಿಗೆ ಕೋಣೆಯ ಹೊರಗೆ ಕೂತಾಗಲೂ ನಾನು ಅಷ್ಟು ಚಡಪಡಿಸಿರಲಿಲ್ಲ. ಪೆಟ್ಟಿಗೆ ಮಾರಿದವರು ಜೊತೆಗೆ ಕೊಟ್ಟಿದ್ದ ಇನ್ನೊಂದು ವಾಲ್ವನ್ನು ಅವಳು ಅಲ್ಲಿ ಕೂರಿಸಿದಳು. ಸ್ವಿಚ್ ಹಾಕಿದರೆ ಎಂಥ ನಿಶ್ಶಬ್ದ ಎಂದರೆ, ಪೆಟ್ಟಿಗೆ ಸತ್ತೇಹೋಯಿತೆಂದು ಎದ್ದು ನಿಂತುಬಿಟ್ಟೆ. ಆಮೇಲೆ ಅವಳು ಒಂದು ತಂತಿ ಮೀಟಿದಳು. ಮೈಯೆಲ್ಲ ಜುಮ್ ಅಂತು. ನಾಗರಾಜ ಬಾಗಿಲಲ್ಲಿ ನಿಂತವನು ಹಾಡು ಮುಗಿಯುವವರೆಗೆ ಅಲ್ಲಾಡಲಿಲ್ಲ.

ರೆಕಾರ್ಡ್ ಮಾಡಿ ಕಳಿಸಿದ್ದಕ್ಕೆ ನಾಲ್ಕು ಗಂಟೆಗೆ ಗೋಷ್ಠಿಯವರ ಫೋನ್ ಬಂತು: ಬರುವ ಭಾನುವಾರದಿಂದಲೇ ಬಾಮ್ಮ ಅಂದರಂತೆ.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು, ಮುದ್ದೆ, ಅವರೆಕಾಳು ಸಾರು. ನಾನು ಎಲ್ಲವನ್ನೂ ಮೊದಲಿನಿಂದ ಹೇಳಲು ಶುರುಮಾಡಿದೆ. ಮೂರನೇ ಸಲ ಹೇಳುವಾಗ ಲಕ್ಷ್ಮಿ ಸಾರು ಬಡಿಸುತ್ತಾ ಕೇಳಿದಳು, "ಅತ್ತೇ, ಆ ಪೆಟ್ಟಿಗೆ ಸದ್ದೇನೋ ನಿಂತೋಯ್ತು. ನಿಮ್ಮದು ನಿಲ್ಬೇಕಾದ್ರೆ ಯಾವ ವಾಲ್ವ್ ಕೀಳ್ಬೇಕು?"

ನಾಗರಾಜ ನಕ್ಕೂ ನಕ್ಕೂ ಕೆಮ್ಮಿದ. ನಾನು ದೊಡ್ಡದೊಂದು ತುತ್ತು ಮುದ್ದೆ ಬಾಯಿಗಿಟ್ಟುಕೊಂಡೆ. ಮನೆ ಒಂದು ಗಳಿಗೆ ನಿಜಕ್ಕೂ ಶಾಂತವಾಗಿತ್ತು. ಏನು ಮಾಡುವುದು, ಮುದ್ದೆ ಅಗಿಯುವ ಪದಾರ್ಥವಲ್ಲ, ಬೇಗ ಇಳಿದುಹೋಯಿತು.