ಮಾವನೂ ನನ್ನ ಅರ್ಧ ಸೈಟಿನ ಹುಲ್ಲೂ

ಹುಲ್ಲಿನ ಮೇಲೆ ನಮ್ಮ ಮಾವನಿಗೆ ಇರುವಷ್ಟು ಕಣ್ಣು ದನಗಳಿಗೂ ಇಲ್ಲ! ನನ್ನ ಅಮ್ಮನ ತಮ್ಮ, ಎಪ್ಪತ್ತು ದಾಟಿದ ಮನುಷ್ಯ, ಸ್ವಂತ ಅಕ್ಕನ ಮಗನ ಮೇಲೆ ಮೂರು ದೂರು ಕೊಟ್ಟವರು. ಇಂಥ ಮಾವ ನಿಮಗೂ ಇದ್ದರೆ ದಯವಿಟ್ಟು ತಿಳಿಸಿ, ಒಟ್ಟಿಗೆ ಕೂತು ತಲೆ ಚಚ್ಚಿಕೊಳ್ಳೋಣ.

ಮಣಿಪಾಲದ ಅಂಚಿನಲ್ಲಿ ನಮ್ಮ ಮನೆ ಈ ಕಡೆ, ಮಾವನ ಮನೆ ಆ ಕಡೆ, ನಡುವೆ ನನ್ನದೊಂದು ಖಾಲಿ ಸೈಟು. ಅಮ್ಮ ದಿನಾ ಬೆಳಿಗ್ಗೆ ಬಂಗುಡೆ ಮೀನಿನ ಸಾರಿನ ಪಾತ್ರೆ ಹಿಡಿದು ಆ ಸೈಟಿನೊಳಗಿಂದಲೇ ತಮ್ಮನ ಮನೆಗೆ ಹೋಗುವುದು. ರಸ್ತೆಯಲ್ಲಿ ಹೋಗು ಎಂದರೆ ಕೇಳುವ ಜನವಲ್ಲ. ಮಳೆಗಾಲದಲ್ಲಿ ಅಲ್ಲಿ ಹುಲ್ಲು ಸೊಂಟದವರೆಗೆ! ಒಮ್ಮೆ ವಿಷದ ಕನ್ನಡಿಹಾವೂ ಕಂಡಿತು. ಅಂದಿನಿಂದ ಅಕ್ಕನಿಗೆ ಏನಾದರೂ ಆದೀತೆಂದು ಮಾವ ನನ್ನ ಪ್ರಾಣ ಹಿಂಡತೊಡಗಿದರು.

ಮೊದಲ ದೂರಿಗೇ ನಗರಸಭೆಯ ನೋಟಿಸು ಬಂತು. ಆಳು ಹಿಡಿದು ಹುಲ್ಲು ಕೊಯ್ಯಿಸಿದೆ. ಎಲ್ಲಿಯವರೆಗೆ? ಗಡಿಯವರೆಗೆ! ಸೈಟಿನ ನಟ್ಟನಡುವೆ ನಗರಸಭೆ ಮುಗಿದು, ಮಾವನ ಮನೆಯ ಕಡೆಗೆ ಗ್ರಾಮ ಪಂಚಾಯತ್ ಶುರುವಾಗುತ್ತದೆ. ನೋಟಿಸು ಅರ್ಧಕ್ಕೆ ಬಂದರೆ ಕತ್ತಿಯೂ ಅರ್ಧಕ್ಕೇ ನಿಲ್ಲಬೇಕಷ್ಟೆ. ಸೈಟು ಕ್ಷೌರದ ಅರ್ಧದಲ್ಲಿ ಎದ್ದು ಬಂದವನ ತಲೆಯ ಹಾಗೆ ಕಾಣುತ್ತಿತ್ತು.

"ಎಂತ ಮಾರಾಯ ಇದು? ಹಾವಿಗೆ ಗಡಿ ಗೊತ್ತುಂಟಾ?"

"ನನಗೆ ಗೊತ್ತುಂಟಲ್ಲ ಮಾವ!"

ಉಳಿದರ್ಧಕ್ಕೆ ಮತ್ತೆರಡು ದೂರು ಹೋದವು. ಆ ಕಡೆಯದು ನಮಗೆ ಬರುವುದಿಲ್ಲ ಎಂದರು ನಗರಸಭೆಯವರು. ಪಂಚಾಯತ್‌ನವರು ಪಾಪ, ಮಾವನನ್ನು ಕೂರಿಸಿ ಹೇಳಿದರು: "ಕಸ ಹಾಕಿದರೆ ಕೇಳಬಹುದು. ಹುಲ್ಲು ತಾನಾಗಿ ಬೆಳೆದದ್ದಲ್ವಾ? ಬೇಕಾದರೆ ಗ್ರಾಮಸಭೆಯಲ್ಲಿ ಹೇಳಿ."

ಹೇಳದೆ ಬಿಟ್ಟಾರೇ? ಎದ್ದು ನಿಂತು ಅರ್ಧ ಗಂಟೆ ಭಾಷಣ ಬಿಗಿದರು.

"ಸೈಟು ಯಾರದ್ದು?" ಎಂದು ಯಾರೋ ಕೇಳಿದರು.

"ನನ್ನ ಅಕ್ಕನ ಮಗನದ್ದು."

"ಹಾಗಾದರೆ ಅವನ ಕಿವಿ ಹಿಂಡಿ ಮಾರಾಯ್ರೆ, ಅದಕ್ಕೆ ಠರಾವು ಎಂತಕ್ಕೆ?"

ಸಭೆಗೆ ಸಭೆಯೇ ನಕ್ಕಿತು. ಮರುದಿನ ಪೇಟೆಯಲ್ಲಿ ಎಲ್ಲರೂ ನನ್ನ ಕಿವಿಯನ್ನೇ ನೋಡುತ್ತಿದ್ದರು!

ಆಮೇಲೆ ಮಾವ ಊರೂರಿನ ನಿಯಮ ಸಂಗ್ರಹಕ್ಕೆ ಹೊರಟರು. ಕಾಪುವಿನ ನನ್ನ ತಂಗಿಯ ಮನೆಗೆ ಊಟಕ್ಕೆ ಹೋದವರು ಅಲ್ಲಿಂದಲೇ ಫೋನು ಮಾಡಿದರು: "ಇಲ್ಲಿ ಪುರಸಭೆಯವರೇ ಹುಲ್ಲು ತೆಗೆದು ಖರ್ಚನ್ನು ತೆರಿಗೆಗೆ ಸೇರಿಸುತ್ತಾರಂತೆ, ಜಾಗ್ರತೆ!" ಬರುವಾಗ ತಂಗಿಯ ಹಿತ್ತಲಿನ ಬಗ್ಗೆಯೂ ಪುರಸಭೆಗೆ ಒಂದು ಮಾತು ಹೇಳಿ ಬಂದರು. ಅವಳು ಎರಡು ತಿಂಗಳು ಮಾತು ಬಿಟ್ಟದ್ದು ಮಾತ್ರ ನನ್ನೊಡನೆ! ಕಾರ್ಕಳದ ಮದುವೆಯಲ್ಲಂತೂ, ಧಾರೆಯ ಹೊತ್ತಿಗೆ ಸರಿಯಾಗಿ, ಪುರಸಭೆಯಲ್ಲಿ ಕೆಲಸ ಮಾಡುವ ಮದುಮಗನ ಚಿಕ್ಕಪ್ಪನನ್ನು ಹಿಡಿದು ನಿಲ್ಲಿಸಿದರು. "ನಿಮ್ಮಲ್ಲಿ ಖಾಲಿ ಸೈಟಿಗೆ ಎಂತ ಉಂಟು?"

"ಈಗ ಊಟ ಉಂಟು, ಬನ್ನಿ" ಎಂದು ಆ ಪುಣ್ಯಾತ್ಮರು ತಪ್ಪಿಸಿಕೊಂಡರು.

ಕಳೆದ ಆಟಿ ತಿಂಗಳಲ್ಲಿ, ಮಳೆ ಜೋರಾಗಿರುವಾಗ, ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಇನ್ನು ಮನೆಯೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಅದೇ ಹೆಚ್ಚು ಎಂದರು ಡಾಕ್ಟರು.

"ಇನ್ನಾದರೂ ಬಿಡಿ ಮಾವ," ಎಂದೆ. "ಆ ದಾರಿಯಲ್ಲಿ ನಡೆಯುವವರು ಯಾರೂ ಇಲ್ಲ."

ಮಾವ ಎದ್ದು ಕೊಡೆ ಹಿಡಿದು ಮನೆಗೆ ನಡೆದರು. ಅಂತೂ ಗೆದ್ದೆ ಅನ್ನಿಸಿತು ನೋಡಿ, ಅಷ್ಟು ದಡ್ಡ ನಾನು!

ಮರುದಿನ ಬೆಳಿಗ್ಗೆ ಜಡಿಮಳೆಯಲ್ಲಿ, ಪಂಚಾಯತ್ ಕಡೆಯ ಹುಲ್ಲಿನಲ್ಲಿ, ತಲೆಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಯಾರೋ ಬಗ್ಗಿ ಕೊಯ್ಯುತ್ತಿದ್ದರು. ಮಾವ! ಸಿಟ್ಟು ನೆತ್ತಿಗೇರಿ ಓಡಿದೆ.

"ಎಂತಕ್ಕೆ ಮಾವ ಇದೆಲ್ಲ? ಅಮ್ಮನಿಗೆ ಇನ್ನು ಬರಲಿಕ್ಕೆ ಆಗುವುದಿಲ್ಲ ಅಂತ ಹೇಳಿದೆನಲ್ಲ!"

ಬೆನ್ನು ನೆಟ್ಟಗಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅವಳು ಮಲಗಿದಲ್ಲಿಂದ ಕಿಟಕಿಯಲ್ಲಿ ನೋಡುತ್ತಾಳೆ ಮಾರಾಯ. ದಾರಿ ಮುಚ್ಚಿ ಹೋದದ್ದು ಕಂಡರೆ, ಇನ್ನು ಏಳುವುದಿಲ್ಲ ಅಂತ ಅವಳಿಗೆ ಗೊತ್ತಾಗುತ್ತದೆ."

ನನಗೆ ಅಳು ತಡೆಯಲಾಗಲಿಲ್ಲ. ಅವರ ಕೈಯಿಂದ ಕತ್ತಿ ತೆಗೆದುಕೊಂಡು, ಅಮ್ಮನಿಗೆ ಕಾಣುವ ಹಾಗೆ, ಮಾವನ ಮನೆಯ ಮೆಟ್ಟಿಲವರೆಗೂ ಕೊಯ್ದೆ.